ಇಲ್ಲ ಎಂದು ಬರೆದುಕೊಟ್ಟ ಭರತೇಶ

ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ, ದಿಕ್ಕುತಪ್ಪಿ ಬೀದಿಗೆ ಬಿದ್ದ ಹೆಂಗಸರನ್ನು ಸಾಕುವ ಒಂದು ಸಂಸ್ಥೆಯ ಕಚೇರಿ ಇದೆ. ಎರಡು ಸಾವಿರದ ಇಪ್ಪತ್ತಮೂರನೆಯ ಇಸವಿಯ ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಬಿಶುನ್‌ದೇವ್ ಎಂಬ ಮನುಷ್ಯ ಆ ಮೆಟ್ಟಿಲು ಹತ್ತಿ ಬಂದ. ಬಡಾ ಬಜಾರಿನಲ್ಲಿ ಸಾಮಾನಿನ ಗಾಡಿ ಎಳೆಯುವವನು, ಬಿಹಾರದ ಕಟಿಹಾರ್ ಕಡೆಯವನು. ಬುದ್ಧಿ ಸ್ತಿಮಿತ ತಪ್ಪಿ ಐದು ವರ್ಷದ ಹಿಂದೆ ಗಂಡನ ಮನೆಯಿಂದ ಎದ್ದುಹೋದ ತಂಗಿ ಸುಗನಿಯನ್ನು ಹುಡುಕುತ್ತಿದ್ದ. ಕೊಲ್ಕತ್ತದ ರೈಲು ಹತ್ತಿದಳು ಎಂದು ಯಾರೋ ಹೇಳಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ಅವನು ಈ ಊರಿಗೆ ಬಂದು ಗಾಡಿಗೆ ಹೆಗಲು ಕೊಟ್ಟಿದ್ದ.

ಕಂಪ್ಯೂಟರಿನ ಮುಂದೆ ಕೂತಿದ್ದವನು ನನ್ನ ಗೆಳೆಯ ಭರತೇಶ. ತಂಗಿಯ ಗುರುತುಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡ. ಎಡ ಮುಂಗೈಯಲ್ಲಿ ತುಳಸಿ ಗಿಡದ ಹಚ್ಚೆ, ಬಲಗಾಲಿನ ಎರಡು ಬೆರಳು ಅಂಟಿಕೊಂಡಿವೆ, ಕಿವಿಯ ಹಿಂದೆ ಎಣ್ಣೆ ಸಿಡಿದ ಕಲೆ. ಯಂತ್ರಕ್ಕೆ ಕೊಟ್ಟ. ಸೊನ್ನೆ ಎಂದು ಬಂತು. ಇಲ್ಲ ಅಣ್ಣ, ನಮ್ಮ ಯಾವ ಮನೆಯಲ್ಲೂ ಇಲ್ಲ ಎಂದು ಹಿಂದಿಯಲ್ಲಿ ಹೇಳಿದ. ಬಿಶುನ್‌ದೇವ್ ಇನ್ನೊಂದು ಸಲ ನೋಡಿ ಎಂದ. ನೋಡಿದ. ಹೆಸರು ಬಿಡಿ, ಅವಳು ಬಾಯಿಗೆ ಬಂದ ಹೆಸರು ಹೇಳುವವಳು, ಕಾಲಿನ ಬೆರಳು ನೋಡಿ ಎಂದ. ಮೂರನೆಯ ಸಲವೂ ಸೊನ್ನೆ.

"ಹಾಗಾದರೆ ಇಲ್ಲ ಅಂತ ಬರೆದು ಕೊಡಿ ಬಾಬು," ಎಂದ ಬಿಶುನ್‌ದೇವ್. "ಊರಲ್ಲಿ ತೋರಿಸಬೇಕು."

ಕೇಳಿದವರಿಗೆಲ್ಲ ಚೀಟಿ ಕೊಡುವುದು ಆ ಕಚೇರಿಯ ಪದ್ಧತಿ. ಭರತೇಶ ಚೀಟಿ ತೆಗೆದು, ಮೊಹರು ಒತ್ತಿ, ಸಹಿ ಹಾಕಿ ಕೊಟ್ಟ. ಇನ್ನೊಂದು ಪ್ರತಿಯನ್ನು ಕಡತದಲ್ಲಿ ಇಟ್ಟ.

ಸುಗನಿ ಆ ಹೊತ್ತಿಗೆ ಅದೇ ಸಂಸ್ಥೆಯ ಬಾರಾನಗರದ ಮನೆಯಲ್ಲಿ, ಹಿಂಬದಿಯ ಜಗಲಿಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಚಳಿಗಾಲದ ಭಾನುವಾರಗಳಲ್ಲಿ ಆ ಕೆಲಸ ಅವಳದೇ ಎಂದು ಆಮೇಲೆ ಅಲ್ಲಿಯವರು ಹೇಳಿದರು. ದಾಖಲೆಯಲ್ಲಿ ಅವಳ ಹೆಸರು ರಾಣಿ ಎಂದಿತ್ತು. ಹಚ್ಚೆ, ಬೆರಳು, ಕಲೆ ಎಲ್ಲವೂ ಸರಿಯಾಗಿ ಬರೆದಿತ್ತು.

ಇದು ಹೇಗಾಯಿತು ಎಂದು ಹೇಳಬೇಕಾದರೆ ಭರತೇಶ ಎಂಥವನು ಎಂದು ಹೇಳಬೇಕು.

ಕಾರ್ಕಳದ ಹತ್ತಿರದ ಒಂದು ಹಳ್ಳಿಯ ಜೈನರ ಹುಡುಗ. ಹತ್ತನೆಯ ತರಗತಿ ಮುಗಿಸಿ, ಹತ್ತೊಂಬತ್ತು ತುಂಬುವ ಮೊದಲೇ ರೈಲು ಹತ್ತಿ ಇಲ್ಲಿಗೆ ಬಂದ. ಗರಿಯಾಹಾಟಿನ ಸೀರೆ ಅಂಗಡಿಗಳ ಹಿಂದಿನ ಸಂದಿಯಲ್ಲಿ ಉಡುಪಿ ಕಡೆಯ ಜಯಕರ ಶೆಟ್ಟರು ಅಡಿಗೆ ಕಂಟ್ರಾಕ್ಟು ಹಿಡಿದಿದ್ದರು. ಅವರ ಉಗ್ರಾಣ ನೋಡಿಕೊಳ್ಳುವುದು ಇವನ ಕೆಲಸ. ಯಾವ ಕೊಪ್ಪರಿಗೆ ಯಾವ ಮದುವೆಗೆ ಹೋಗಿದೆ, ಯಾವ ಸೌಟು ಮರಳಿ ಬಂದಿಲ್ಲ ಎಂಬುದು ಅವನ ನಾಲಿಗೆಯ ತುದಿಯಲ್ಲಿ ಇರುತ್ತಿತ್ತು. ಶೆಟ್ಟರು ತೊಂಬತ್ತೆಂಟರಲ್ಲಿ ಯಾರೋ ಹೇಳಿದರೆಂದು ಒಂದು ಕಂಪ್ಯೂಟರು ತಂದಿಟ್ಟರು. ಆರು ತಿಂಗಳು ಅದರ ಮೇಲೆ ಬಾಳೆಎಲೆಯ ಕಟ್ಟು ಕೂತಿತ್ತು. ಒಂದು ದಿನ ಭರತೇಶ ಎಲೆ ತೆಗೆದು ಗುಂಡಿ ಒತ್ತಿದ.

ಅಷ್ಟೇ, ಆಮೇಲೆ ಅವನನ್ನು ಹಿಡಿಯುವವರಿಲ್ಲ. ಕಾಲೇಜ್ ಸ್ಟ್ರೀಟಿನ ಪಾದಚಾರಿ ದಾರಿಯಲ್ಲಿ ಹಳೆಯ ಇಂಗ್ಲಿಷ್ ಪುಸ್ತಕ ಕೊಂಡು ತಂದ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಒಂದೊಂದು ಸಾಲನ್ನೂ ಗಟ್ಟಿ ಅಡಿಕೆ ಕಡಿದ ಹಾಗೆ ಕಡಿದು ನುಂಗಿದ. ಡೇಟಾಬೇಸ್ ಎಂದರೇನು, ಅದನ್ನು ಇನ್ನೊಂದು ಪ್ರೋಗ್ರಾಮು ಹೊರಗಿನಿಂದ ಕೈ ಹಿಡಿದು ಕೆಲಸ ಮಾಡಿಸುವುದು ಹೇಗೆ ಎಂದೆಲ್ಲ ಕಲಿತ. ಯಾರೂ ಹೇಳಿಕೊಡಲಿಲ್ಲ. ಇದರ ಬೆಲೆ ನನಗೆ ಗೊತ್ತು. ನಾನು ತಿಪಟೂರು ಕಡೆಯವನು, ಆರನೆಯ ತರಗತಿಗೆ ಸ್ಲೇಟು ಕೆಳಗಿಟ್ಟವನು. ಕೆಟ್ಟ ಮೋಟಾರು ಬಿಚ್ಚಿ ಬಿಚ್ಚಿಯೇ ವೈಂಡಿಂಗ್ ಕಲಿತೆ. ನಾನು ಸುತ್ತಿದ ಮೋಟಾರು ವರ್ಷದೊಳಗೆ ಸುಟ್ಟಿತು ಎಂದು ಈ ಗರಿಯಾಹಾಟಿನಲ್ಲಿ ಇವತ್ತಿನವರೆಗೆ ಯಾರೂ ನನ್ನ ಬಾಗಿಲಿಗೆ ಬಂದಿಲ್ಲ. ಶೆಟ್ಟರ ರುಬ್ಬುವ ಯಂತ್ರಕ್ಕೆ ಕೈ ಹಾಕಲು ಹೋದಾಗಲೇ ನಮ್ಮಿಬ್ಬರಿಗೆ ಸ್ನೇಹವಾದದ್ದು.

ಆ ಸಂಸ್ಥೆಗೂ ಅವನಿಗೂ ನಂಟು ಬೆಳೆದದ್ದು ಎರಡು ಸಾವಿರದ ಮೂರರಲ್ಲಿ. ಸಿಯಾಲ್ದಾ ಸ್ಟೇಷನ್ನಿನಲ್ಲಿ ಸಿಕ್ಕ ಒಬ್ಬ ಮುದುಕಿ ಏನೋ ಭಾಷೆ ಆಡುತ್ತಾಳೆ, ಯಾರಿಗೂ ತಿಳಿಯದು ಎಂದು ಊರೆಲ್ಲ ವಿಚಾರಿಸಿ ಕೊನೆಗೆ ಶೆಟ್ಟರ ಅಡಿಗೆಮನೆಗೆ ಬಂದಿದ್ದರು. ಭರತೇಶ ಹೋಗಿ ಕೂತು ಮಾತಾಡಿಸಿದ. ಅವಳು ಸವಣೂರಿನ ಕಡೆಯವಳು. ಹದಿನೈದು ದಿನದಲ್ಲಿ ಮಗ ಬಂದು ಕರೆದುಕೊಂಡು ಹೋದ. ಆ ಹೊತ್ತಿನಲ್ಲಿ ಭರತೇಶನ ಕಣ್ಣಿಗೆ ಬಿದ್ದದ್ದು ಅಲ್ಲಿಯ ದಾಖಲೆ ಪುಸ್ತಕಗಳು. ಸಂಸ್ಥೆಗೆ ಊರಿನ ಆರು ಕಡೆ ಆರು ಮನೆ. ಆರಕ್ಕೂ ಬೇರೆ ಬೇರೆ ಪುಸ್ತಕ. ತಂಗಿಯನ್ನೋ ತಾಯಿಯನ್ನೋ ಹುಡುಕಿ ಬಂದವರು ಆರು ಬಸ್ಸು ಹಿಡಿಯಬೇಕು. ಅರ್ಧ ಜನ ಮೂರನೆಯ ಮನೆಗೇ ಸೋತು ಹಿಂದಿರುಗುತ್ತಿದ್ದರು.

ಭರತೇಶ ಒಂದು ವರ್ಷ ಕೂತು ಪ್ರೋಗ್ರಾಮು ಬರೆದ. ಆರೂ ಮನೆಯಲ್ಲಿ ದಾಖಲೆ ಯಂತ್ರಕ್ಕೆ ಏರಿತು. ಪ್ರತಿ ಬುಧವಾರ ಅವನು ಆರೂ ಕಡೆ ಸುತ್ತಿ ದಾಖಲೆಗಳನ್ನು ಪೆನ್‌ಡ್ರೈವಿನಲ್ಲಿ ತಂದು ಲೇಕ್ ಗಾರ್ಡನ್ಸ್ ಕಚೇರಿಯಲ್ಲಿ ಒಟ್ಟು ಮಾಡುತ್ತಿದ್ದ. ಹೆಸರು ಗೊತ್ತಿದ್ದರೆ ಹೆಸರಿನಿಂದ ಹುಡುಕಬಹುದು. ಆದರೆ ಈ ಹೆಂಗಸರಲ್ಲಿ ಮುಕ್ಕಾಲು ಪಾಲು ತಮ್ಮ ಹೆಸರನ್ನೇ ಸರಿಯಾಗಿ ಹೇಳುವವರಲ್ಲ. ಅದಕ್ಕೆಂದು ಅವನು ಎರಡನೆಯ ಹುಡುಕಾಟ ಕಟ್ಟಿದ್ದ: ಹಚ್ಚೆ, ಕಲೆ, ವಯಸ್ಸು, ಆಡುವ ಮಾತು, ಇವನ್ನು ಕೂಡಿಸಿ ಹೋಲುವವರನ್ನೆಲ್ಲ ಮುಂದಿಡುವುದು. ಹದಿನೆಂಟು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ಹೆಂಗಸರು ಈ ಎರಡನೆಯ ಹುಡುಕಾಟದಿಂದ ಮನೆ ಸೇರಿದರು. ಅವನ ಹೆಂಡತಿ ರತ್ನಾವತಿ, ಇವರಿಗೆ ಮನೆಯಲ್ಲಿ ಉಪ್ಪು ಮುಗಿದದ್ದು ಕಾಣುವುದಿಲ್ಲ, ಊರಿನ ಹೆಂಗಸರ ಕಾಲಿನ ಕಲೆ ಎಲ್ಲ ಬಾಯಿಪಾಠ ಎಂದು ಚುಚ್ಚುತ್ತಿದ್ದಳು. ಚುಚ್ಚುವಾಗಲೂ ಅವಳ ಮುಖದಲ್ಲಿ ಹೆಮ್ಮೆ ಕಾಣುತ್ತಿತ್ತು.

ಎರಡು ಸಾವಿರದ ಒಂಬತ್ತರಲ್ಲಿ ಒಂದು ಪೆಟ್ಟು ಬಿತ್ತು. ಹುಡುಕುವ ಭಾಗವನ್ನು ಅವನು ಬೇರೆ ತುಂಡಾಗಿ ಮಾಡಿಟ್ಟಿದ್ದ. ಉಳಿದ ಪ್ರೋಗ್ರಾಮುಗಳು ಅದನ್ನು ಕರೆದು ಕೆಲಸ ಮಾಡಿಸಿಕೊಳ್ಳುತ್ತಿದ್ದವು. ಅದನ್ನು ಚುರುಕು ಮಾಡುತ್ತೇನೆಂದು ಬಿಚ್ಚಿ, ತಿದ್ದಿ, ಮತ್ತೆ ಕಟ್ಟಿ ಆರೂ ಕಡೆ ಹಾಕಿ ಬಂದ. ಮರುದಿನ ಆರೂ ಯಂತ್ರಗಳು ಕೈ ಎತ್ತಿದವು. ಬೈನರಿ ಕಂಪ್ಯಾಟಿಬಿಲಿಟಿ ಎಂಬ ಒಂದು ಗುರುತನ್ನು ಹಾಕದೆ ಕಟ್ಟಿದ್ದ ಎಂದು ಮೂರು ದಿನ ತಲೆ ಚಚ್ಚಿಕೊಂಡ ಮೇಲೆ ತಿಳಿಯಿತು. ಅವನು ನನಗೆ ಹೇಳಿದ್ದು ಹೀಗೆ. ಕೊಪ್ಪರಿಗೆ ಹೊಸದು ಹೊಯ್ಯಿಸಿದರೆ ತಪ್ಪಿಲ್ಲ, ಆದರೆ ಬಾಯಿಯ ಅಳತೆ ಹಳೆಯದೇ ಇರಬೇಕು. ಇಲ್ಲದಿದ್ದರೆ ಮನೆಯಲ್ಲಿರುವ ಒಂದು ಮುಚ್ಚಳವೂ ಕೂರುವುದಿಲ್ಲ. ಅವನ ಹೊಸ ತುಂಡಿಗೆ ಹೊಸ ಅಳತೆ ಬಂದುಬಿಟ್ಟಿತ್ತು, ಹಳೆಯ ಪ್ರೋಗ್ರಾಮುಗಳಿಗೆ ಅದು ಪರಕೀಯವಾಗಿತ್ತು. ಆ ಮೂರು ದಿನ ಬಂದವರನ್ನೆಲ್ಲ ವಾಪಸು ಕಳಿಸಿದರು. ಕಾರ್ಯದರ್ಶಿ ಶರ್ಮಿಷ್ಠಾದಿ ಎಲ್ಲರ ಮುಂದೆ ಅವನ ನೀರಿಳಿಸಿದಳು.

ಆ ಸಂಜೆ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದು ಕೂತ. ಮುಖ ಹುಳ್ಳಗಾಗಿತ್ತು.

"ನಿಂತ್ ಮೋಟ್ರು ಕಂಡ್ರೆ ಯಾರಿಗೂ ಆಗಕಿಲ್ಲ ಕಣಪ್ಪ," ಎಂದೆ ನಾನು. "ಸದ್ದು ಮಾಡ್ಲಿ, ಬಿಸಿಯಾಗ್ಲಿ, ಎಂಗಾದ್ರೂ ತಿರುಗ್ತಾ ಇರ್ಬೇಕು. ನಿಲ್ದಂಗೆ ಮಾಡು."

"ನಿಲ್ಲದ ಹಾಗೆ ಮಾಡ್ಲಿಕ್ಕೆ ಉಂಟು ಅಣ್ಣ," ಎಂದ ಅವನು.

ಅವನು ಎರಡು ಕೆಲಸ ಮಾಡಿದ. ಹುಡುಕುವ ತುಂಡಿನ ಹೊರ ಅಳತೆಯನ್ನು ಇನ್ನು ಯಾವತ್ತೂ ಮುಟ್ಟುವುದಿಲ್ಲ ಎಂದು ಪಣ ತೊಟ್ಟ. ಅದು ಹೊರಗೆ ಕೊಡುವುದು ಒಂದೇ ಒಂದು ಅಂಕಿ, ಎಷ್ಟು ಜನ ಹೋಲುತ್ತಾರೆ ಎಂದು; ಸೊನ್ನೆಯಲ್ಲದಿದ್ದರೆ ಅಷ್ಟು ಜನರ ಪಟ್ಟಿ ತೆರೆಯುತ್ತಿತ್ತು. ಅದಕ್ಕೆ ಇನ್ನೊಂದು ಮಾತು ಸೇರಿಸಿದರೂ ಅಳತೆ ಬದಲಾಗುತ್ತದೆ, ಆದ್ದರಿಂದ ಸೇರಿಸಲಿಲ್ಲ. ಮತ್ತೆ ಒಳಗಡೆ ಒಂದು ಸಾಲು ಬರೆದ: ಏನಾದರೂ ತೊಡಕು ಬಂದರೆ ನಿಲ್ಲಬೇಡ, ಅದನ್ನು ದಾಟಿ ಮುಂದಿನ ಸಾಲಿಗೆ ಹೋಗು. ಆಮೇಲೆ ಹದಿಮೂರು ವರ್ಷ ಆ ಪ್ರೋಗ್ರಾಮು ಒಂದು ದಿನವೂ ನಿಲ್ಲಲಿಲ್ಲ. ನಿಲ್ಲಬಾರದು ಎಂಬ ಬುದ್ಧಿ ಹೇಳಿದವನು ನಾನು. ಇದನ್ನು ಬಚ್ಚಿಡುವುದಿಲ್ಲ.

ಇಪ್ಪತ್ತೆರಡರ ದುರ್ಗಾಪೂಜೆ ಕಳೆದ ಮೇಲೆ ಯಾವುದೋ ಕಂಪನಿಯವರು ಸಂಸ್ಥೆಗೆ ಹೊಸ ಯಂತ್ರಗಳನ್ನು ದಾನ ಕೊಟ್ಟರು. ಅವುಗಳಲ್ಲಿ ದಾಖಲೆ ಕೂಡಿಡುವ ಡೇಟಾಬೇಸಿನ ಹೊಸ ಆವೃತ್ತಿ ಇತ್ತು. ಭರತೇಶನ ಪ್ರೋಗ್ರಾಮು ಹಳೆಯ ಆವೃತ್ತಿಯ ಹೆಸರು ಹಿಡಿದು ಕಟ್ಟಿದ್ದು. ಹೊಸ ಮನೆಯಲ್ಲಿ ಅದಕ್ಕೆ ಹಳೆಯ ಪರಿಚಯದವರು ಕಾಣಲಿಲ್ಲ.

ಇದಕ್ಕೆ ಅವನಿಗೆ ಗೊತ್ತಿದ್ದ ಮದ್ದು ಲೇಟ್ ಬೈಂಡಿಂಗ್. ಇದನ್ನೂ ಅವನು ಶೆಟ್ಟರ ಅಡಿಗೆಯ ಲೆಕ್ಕದಲ್ಲೇ ನನಗೆ ತಿಳಿಸಿದ್ದ. ಮದುವೆ ಒಪ್ಪಿಕೊಳ್ಳುವಾಗಲೇ, ಪಾಕಶಾಲೆಗೆ ಇಂಥ ಊರಿನ ಇಂಥ ಭಟ್ಟರೇ ಬರಬೇಕು ಎಂದು ಬರೆದುಕೊಂಡರೆ ಅದು ಮೊದಲೇ ಕಟ್ಟಿದ್ದು. ಆ ಭಟ್ಟರಿಗೆ ಜ್ವರ ಬಂದರೆ ಒಲೆ ಹೊತ್ತುವುದಿಲ್ಲ. ಅದರ ಬದಲು, ಆ ದಿನ ಯಾರು ಅಡಿಗೆಯವರು ಇದ್ದಾರೋ ಅವರನ್ನೇ ಕರೆದು ಸೌಟು ಕೊಡುವುದು ತಡವಾಗಿ ಕಟ್ಟುವುದು, ಅಂದರೆ ಲೇಟ್ ಬೈಂಡಿಂಗ್. ಯಾವ ಆವೃತ್ತಿ ಇದ್ದರೂ ನಡೆಯುತ್ತದೆ. ಆದರೆ ಬಂದವನಿಗೆ ಕೆಲಸ ಬರುತ್ತದೋ ಇಲ್ಲವೋ ಎಂದು ತಿಳಿಯುವುದು ಎಲೆ ಹಾಕಿದ ಮೇಲೆಯೇ.

ಎರಡು ದಿನದಲ್ಲಿ ಬದಲಾಯಿಸಿದ. ಯಂತ್ರಗಳು ಓಡಿದವು. ಹೆಸರಿನಿಂದ ಹುಡುಕಿ ನೋಡಿದ, ಸರಿಯಾಗಿ ಬಂತು. ಎರಡನೆಯ ಹುಡುಕಾಟವನ್ನೂ ಪರೀಕ್ಷೆ ಮಾಡಿದ. ಅದಕ್ಕೆ ತಾನೇ ಒಬ್ಬ ಹೆಂಗಸನ್ನು ಕಲ್ಪಿಸಿಕೊಂಡ: ಹಣೆಯಲ್ಲಿ ಮೂರು ಹಚ್ಚೆ, ಎಡಗೈಗೆ ಆರು ಬೆರಳು. ಅಂಥವಳು ಯಾರೂ ಇರಲಿಲ್ಲ. ಯಂತ್ರ ಸೊನ್ನೆ ಎಂದಿತು. ಸರಿಯಾಗಿದೆ ಎಂದುಕೊಂಡು ಮನೆಗೆ ಹೋದ.

ಇದ್ದವಳೊಬ್ಬಳನ್ನು ಹುಡುಕಿ ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ. ಹದಿನೆಂಟು ವರ್ಷ ದುಡಿದ ಹುಡುಕಾಟದ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಆ ವಾರ ಶೆಟ್ಟರ ಮನೆಯ ದೊಡ್ಡ ಮದುವೆಯೂ ಇತ್ತು, ನಾಲ್ಕು ಸಾವಿರ ಎಲೆ.

ಹನ್ನೊಂದು ತಿಂಗಳು ಹೀಗೆ ನಡೆಯಿತು. ಹೆಸರು ಹೇಳಬಲ್ಲ ಒಬ್ಬರೋ ಇಬ್ಬರೋ ಸಿಗುತ್ತಲೇ ಇದ್ದರು, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಈ ವರ್ಷ ಮನೆ ಸೇರಿದವರು ಕಡಿಮೆ ಎಂದು ಶರ್ಮಿಷ್ಠಾದಿ ಒಮ್ಮೆ ಹೇಳಿದಳಂತೆ. ಜನ ಹುಡುಕುವುದನ್ನೇ ಬಿಟ್ಟಿದ್ದಾರೆ ದೀದಿ ಎಂದು ಭರತೇಶನೇ ಉತ್ತರ ಕೊಟ್ಟಿದ್ದ.

ಇಪ್ಪತ್ತಮೂರರ ಸೆಪ್ಟೆಂಬರಿನಲ್ಲಿ ಮಾನಸ ಎಂಬ ಹುಡುಗಿ ಬಂದಳು. ಬೆಂಗಳೂರಿನವಳು, ಸಾಲ್ಟ್ ಲೇಕಿನ ಐಟಿ ಕಂಪನಿಯೊಂದರಲ್ಲಿ ಕೆಲಸ. ಶನಿವಾರ ಶನಿವಾರ ಬಂದು ಸಂಸ್ಥೆಯ ದಾಖಲೆಯನ್ನೆಲ್ಲ ಇಂಟರ್‌ನೆಟ್ಟಿನ ಹೊಸ ವ್ಯವಸ್ಥೆಗೆ ಏರಿಸಿಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದಳು. ಕನ್ನಡದವಳು ಎಂದು ಭರತೇಶನಿಗೆ ಹಿಗ್ಗು. ರತ್ನಾವತಿಯ ಕೈಯ ನೀರುದೋಸೆ ಡಬ್ಬಿಗೆ ಹಾಕಿಸಿ ತರುತ್ತಿದ್ದ. ಅವನು ಬರೆದ ಪ್ರೋಗ್ರಾಮು ನೋಡಿ ಅವಳು ನಗಲಿಲ್ಲ. ನಾನು ಹುಟ್ಟೋಕ್ಕೂ ಮುಂಚೆಯ ಭಾಷೆಯಲ್ಲಿ ಬರ್ದಿದ್ದೀರ ಅಂಕಲ್ ಎಂದು ಬೆರಗಿನಿಂದ ಹೇಳಿದಳಂತೆ.

ಮೂರನೆಯ ಶನಿವಾರ ಅವಳು ಹೊಸ ವ್ಯವಸ್ಥೆಯ ಹುಡುಕಾಟವನ್ನು ಹಳೆಯದರ ಜೊತೆಗೆ ಇಟ್ಟು ತೂಗಿ ನೋಡುತ್ತಿದ್ದಳು. ಅವಳದರಲ್ಲಿ ಹದಿನಾಲ್ಕು ಜನ ಬಂದ ಕಡೆ ಇವನದರಲ್ಲಿ ಸೊನ್ನೆ. ಇನ್ನೊಂದು ಗುರುತು ಹಾಕಿದಳು, ಸೊನ್ನೆ. ಮತ್ತೊಂದು, ಸೊನ್ನೆ.

"ಅಂಕಲ್," ಎಂದಳು, "ಇದು ಸೊನ್ನೆ ಅಂತ ಕೊಟ್ರೆ, ಯಾರೂ ಇಲ್ಲ ಅಂತಾನಾ, ಹುಡುಕೋಕ್ಕೇ ಆಗ್ಲಿಲ್ಲ ಅಂತಾನಾ?"

ಭರತೇಶ ತೆರೆಯ ಮೇಲಿನ ಸಾಲುಗಳನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿದನಂತೆ. ಆಮೇಲೆ ಹೇಳಿದನಂತೆ, "ಎರಡಕ್ಕೂ ಅದೇ ಸೊನ್ನೆ."

ಕಾರಣ ಅರ್ಧ ಗಂಟೆಯಲ್ಲಿ ಸಿಕ್ಕಿತು. ದಾಖಲೆಯನ್ನು ಯಾವ ರೀತಿ ತೆರೆಯಬೇಕು ಎಂದು ಹೇಳುವ ಒಂದು ಪದವನ್ನು ಎರಡನೆಯ ಹುಡುಕಾಟದಲ್ಲಿ ಬಳಸಿದ್ದ. ಹಳೆಯ ಆವೃತ್ತಿಗೆ ಕಟ್ಟಿದ್ದಾಗ ಆ ಪದದ ಬೆಲೆ ಅಲ್ಲಿಂದಲೇ ಬರುತ್ತಿತ್ತು. ಲೇಟ್ ಬೈಂಡಿಂಗ್ ಮಾಡಿದಾಗ ಆ ನಂಟು ಕಡಿದುಹೋಯಿತು, ಪದ ಮಾತ್ರ ಉಳಿಯಿತು. ಬಳಸುವ ಪ್ರತಿ ಹೆಸರನ್ನೂ ಮೊದಲೇ ಘೋಷಿಸಬೇಕು ಎಂದು ಕಡ್ಡಾಯ ಮಾಡುವ ಒಂದು ಸಾಲು ಇದೆಯಂತೆ. ಶಾಲೆಯಲ್ಲಿ ಕಲಿತವರಿಗೆ ಅದನ್ನು ಮೊದಲ ದಿನವೇ ಹೇಳಿಕೊಡುತ್ತಾರಂತೆ. ತಾನೇ ಕಲಿತ ಭರತೇಶ ಅದನ್ನು ಯಾವತ್ತೂ ಬರೆದವನಲ್ಲ. ಆ ಸಾಲು ಇದ್ದಿದ್ದರೆ ಪ್ರೋಗ್ರಾಮು ಕಟ್ಟುವಾಗಲೇ ಈ ಪದ ಯಾರದು ಎಂದು ಕೇಳಿ ನಿಲ್ಲುತ್ತಿತ್ತು. ಇಲ್ಲದ್ದರಿಂದ ಯಂತ್ರ ಅದನ್ನು ಖಾಲಿ ಎಂದು ತಿಳಿದುಕೊಂಡಿತು, ದಾಖಲೆ ತೆರೆಯಲಿಲ್ಲ. ತೆರೆಯಲಿಲ್ಲ ಎಂದು ಕೂಗಬೇಕಾಗಿತ್ತು. ಆದರೆ ತೊಡಕು ಬಂದರೆ ದಾಟಿ ಮುಂದೆ ಹೋಗು ಎಂದು ಇವನೇ ಅಪ್ಪಣೆ ಮಾಡಿದ್ದ. ದಾಟಿ ಹೋಗಿ, ಏನೂ ಎಣಿಸದೆ, ಸೊನ್ನೆ ಎಂದು ಒಪ್ಪಿಸಿತು. ಆಗಲಿಲ್ಲ ಎಂದು ಹೇಳಲು ಅದಕ್ಕೆ ಬೇರೆ ಬಾಯಿ ಇರಲಿಲ್ಲ. ಅಳತೆ ಕೆಡುತ್ತದೆಂದು ಇವನು ಕೊಟ್ಟಿರಲಿಲ್ಲ.

ಆ ಹನ್ನೊಂದು ತಿಂಗಳ ಕಡತದಲ್ಲಿ, ಇಲ್ಲ ಎಂದು ಕೊಟ್ಟ ಚೀಟಿಗಳು ಇನ್ನೂರ ಹದಿಮೂರು ಇದ್ದವು. ಅವನೂ ಮಾನಸಳೂ ಎರಡು ದಿನ ಕೂತು ಪ್ರತಿಯೊಂದನ್ನೂ ಹೊಸ ಹುಡುಕಾಟಕ್ಕೆ ಕೊಟ್ಟರು. ಒಂಬತ್ತು ಹೊಂದಿದವು. ಫೋನು ಮಾಡಿದಾಗ ಕೆಲವರು ಬಂದು ನೋಡಿ, ಇವಳು ನಮ್ಮವಳಲ್ಲ ಎಂದು ಹೋದರು. ಮಿದ್ನಾಪುರದ ಒಂದು ಮನೆಯವರು ತಾಯಿಯನ್ನು ಕರೆದುಕೊಂಡು ಹೋದರು. ಇನ್ನೊಬ್ಬಳು ಮಳೆಗಾಲದಲ್ಲೇ ನ್ಯುಮೋನಿಯಾದಲ್ಲಿ ತೀರಿಕೊಂಡಿದ್ದಳು. ಅವಳ ಮಗನಿಗೆ ಅದನ್ನು ಹೇಳಿದವನು ಭರತೇಶನೇ. ಸುಗನಿಯ ಚೀಟಿಯಲ್ಲಿದ್ದ ನಂಬರು ಬಡಾ ಬಜಾರಿನ ಒಂದು ಚಹಾ ಅಂಗಡಿಯದು, ಅದು ಚಾಲ್ತಿಯಲ್ಲಿ ಇರಲಿಲ್ಲ.

ಅವನು ಶರ್ಮಿಷ್ಠಾದಿಯ ಮುಂದೆ ಹೋಗಿ ನಿಂತು ಎಲ್ಲವನ್ನೂ ಒಪ್ಪಿಕೊಂಡ. ಬೈಸಿಕೊಳ್ಳಲು ಮೈ ಗಟ್ಟಿ ಮಾಡಿಕೊಂಡು ಹೋಗಿದ್ದ. ಆಕೆ ನಿಟ್ಟುಸಿರು ಬಿಟ್ಟು, ಕಂಪ್ಯೂಟರ್ ಎಂದ ಮೇಲೆ ಇದೆಲ್ಲ ಇದ್ದದ್ದೇ ಭರತ್‌ಬಾಬು, ಹೊಸದು ಬಂತಲ್ಲ ಎಂದು ಚಹಾ ತರಿಸಿದಳು. ಎರಡು ಸಾವಿರದ ಒಂಬತ್ತರಲ್ಲಿ ಮೂರು ದಿನ ನಿಂತದ್ದಕ್ಕೆ ಊರಿಗೆ ಕೇಳುವ ಹಾಗೆ ಬೈದವಳು, ಹನ್ನೊಂದು ತಿಂಗಳ ಸುಳ್ಳಿಗೆ ಒಂದು ಮಾತು ಎತ್ತಲಿಲ್ಲ. ಆಕೆಗೆ ಅದು ಅರ್ಥವೇ ಆಗಿರಲಿಲ್ಲ. ಅರ್ಥವಾಗುವ ಹಾಗೆ ಹೇಳಲು ಭರತೇಶನಿಗೆ ಬರಲಿಲ್ಲ.

"ಬೈದಿದ್ದರೆ ಉಳೀತಿದ್ದೆ ಅಣ್ಣ," ಎಂದ ನನ್ನ ಹತ್ತಿರ. "ಚಾ ಕೊಟ್ಟು ಕಳಿಸಿದ್ರು ಮಾರಾಯ್ರೆ."

ಆಮೇಲೆ ಅವನು ಬಿಶುನ್‌ದೇವನ ಬೆನ್ನು ಹತ್ತಿದ. ಬಡಾ ಬಜಾರಿನ ಗಾಡಿಯವರ ಸಾಲಿನಲ್ಲಿ ಹನ್ನೆರಡು ದಿನ ವಿಚಾರಿಸಿದ. ಕಟಿಹಾರ್ ಕಡೆಯ ಒಬ್ಬ ಮುದುಕ ಸಿಕ್ಕಿ, ಅವನು ಚಳಿಗಾಲದಲ್ಲೇ ಗಾಡಿ ಬಿಟ್ಟು ಊರಿಗೆ ಹೋದ ಎಂದು ಹೇಳಿ ಹಳ್ಳಿಯ ಹೆಸರು ಕೊಟ್ಟ. ಅಕ್ಟೋಬರಿನಲ್ಲಿ, ಪೂಜೆಗೆ ಇನ್ನೂ ಹತ್ತು ದಿನ ಇರುವಾಗ, ನಾನೂ ಅವನ ಜೊತೆ ರೈಲು ಹತ್ತಿದೆ. ಅವನನ್ನು ಒಬ್ಬನನ್ನೇ ಕಳಿಸಲು ರತ್ನಾವತಿಗೆ ಧೈರ್ಯ ಇರಲಿಲ್ಲ.

ಹಳ್ಳಿಯ ಹೊರಗೆ, ಸೆಣಬು ನೆನೆಹಾಕಿದ ಹೊಂಡದ ಹತ್ತಿರ ಬಿಶುನ್‌ದೇವ್ ಸಿಕ್ಕ. ಮೊಣಕಾಲು ಮುಳುಗುವ ಕಪ್ಪು ನೀರಿನಲ್ಲಿ ನಿಂತು ನಾರು ಎಳೆಯುತ್ತಿದ್ದ. ಭರತೇಶನನ್ನು ನೋಡಿದ ಕೂಡಲೇ ಗುರುತು ಹಿಡಿದ. ದಡಕ್ಕೆ ಬಂದು ಕೈ ತೊಳೆದುಕೊಂಡು, ಕೂತುಕೊಳ್ಳಿ ಎಂದ. ಭರತೇಶ ಕೂರಲಿಲ್ಲ. ನಿಂತೇ ಹೇಳಿದ. ತಂಗಿ ಇದ್ದಾಳೆ, ಆವತ್ತೂ ಇದ್ದಳು, ತಪ್ಪು ನನ್ನದು ಎಂದ. ಯಂತ್ರದ ಹೆಸರು ಎತ್ತಲಿಲ್ಲ.

ಬಿಶುನ್‌ದೇವ್ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ.

"ಮೂರು ಸಲ ಕೇಳಿದ್ದೆ ಬಾಬು," ಎಂದ.

ಆ ಚೀಟಿ ಊರಿಗೆ ಬಂದ ಮೇಲೆ ಏನು ನಡೆಯಿತು ಎಂದು ಆಮೇಲೆ ಒಂದೊಂದಾಗಿ ತಿಳಿಯಿತು. ಸುಗನಿಯ ಗಂಡನ ಮನೆಯವರು ಅದನ್ನೇ ಕಾದಿದ್ದರು. ಕೊಲ್ಕತ್ತದ ದೊಡ್ಡ ಸಂಸ್ಥೆ ಮೊಹರು ಒತ್ತಿ ಇಲ್ಲ ಎಂದಿದೆ ಎಂದು ಪಂಚರ ಮುಂದೆ ಇಟ್ಟರು. ದರ್ಭೆಯಲ್ಲಿ ಅವಳ ಬೊಂಬೆ ಮಾಡಿ, ಸುಟ್ಟು, ಹದಿಮೂರು ದಿನದ ಕರ್ಮ ಮುಗಿಸಿದರು. ವೈಶಾಖದಲ್ಲಿ ಗಂಡ ಬೇರೆ ಮದುವೆಯಾದ. ಇಬ್ಬರು ಮಕ್ಕಳಿಗೆ ತಲೆ ಬೋಳಿಸಿ, ನಿಮ್ಮಮ್ಮ ಸತ್ತಳು ಎಂದು ಹೇಳಿದ್ದರು. ಬಿಶುನ್‌ದೇವನ ತಾಯಿ ಆ ಕರ್ಮ ಆದ ತಿಂಗಳಿಗೆ ಹಾಸಿಗೆ ಹಿಡಿದು ಕಣ್ಣು ಮುಚ್ಚಿದಳು. ಇದನ್ನೆಲ್ಲ ಹೇಳುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬೆಳೆ ಹೇಗಿದೆ ಎಂದು ಹೇಳಿದ ಹಾಗೆ ಹೇಳಿದ.

ಹೆಂಡತಿ ಬಾಗಿಲಲ್ಲಿ ನಿಂತು ಬೇಡ ಎನ್ನುತ್ತಿದ್ದರೂ ಅವನು ನಮ್ಮ ಜೊತೆ ಹೊರಟು ಬಂದ.

ಬಾರಾನಗರದ ಮನೆಯಲ್ಲಿ ಸುಗನಿ ಅವನನ್ನು ನೋಡಿದ್ದೇ ಎದ್ದು ಬಂದಳು. ಅವನ ಕಿವಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ, ಎಮ್ಮೆ ಕರು ಹಾಕಿತೇ ಎಂದು ಕೇಳಿದಳು. ಐದೂಮುಕ್ಕಾಲು ವರ್ಷದ ಹಿಂದಿನ ಎಮ್ಮೆ. ಹಾಕಿತು, ಹೆಣ್ಣು ಎಂದ ಅವನು. ಅಣ್ಣ ತಂಗಿ ಮಧ್ಯಾಹ್ನವೆಲ್ಲ ಕೂತು ಮಾತಾಡಿದರು. ಅವಳು ನಕ್ಕದ್ದನ್ನು ನಾವು ಇದೇ ಮೊದಲು ಕಂಡದ್ದು ಎಂದು ಮೇಲ್ವಿಚಾರಕಿ ಕಣ್ಣೊರೆಸಿಕೊಂಡಳು. ಭರತೇಶ ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದ.

ಸಂಜೆ ಕಾಗದಗಳಿಗೆ ಸಹಿ ಹಾಕುವ ಹೊತ್ತಿಗೆ ಬಿಶುನ್‌ದೇವ್ ಹೊರಗೆ ಬಂದು ತಲೆ ತಗ್ಗಿಸಿದ. ಈಗಲೇ ಕರೆದೊಯ್ಯಲಾರೆ ಎಂದ. ಕರ್ಮ ಮಾಡಿ ಮುಗಿಸಿದವಳನ್ನು ಮನೆಯೊಳಗೆ ಹೇಗೆ ಸೇರಿಸಿಕೊಳ್ಳುವುದು ಎಂದು ಪುರೋಹಿತನನ್ನು ಕೇಳಬೇಕು. ಗಂಡನ ಮನೆಯವರು ಜಗಳಕ್ಕೆ ಬರುತ್ತಾರೆ. ತನ್ನ ಹೆಂಡತಿಯನ್ನು ಒಪ್ಪಿಸಬೇಕು, ಅವಳಿಗೆ ಹೆದರಿಕೆ. ಇವಳಿಗೆ ಮತ್ತೆ ಬುದ್ಧಿ ಕೆಟ್ಟರೆ ಹಗಲು ನೋಡುವವರು ಯಾರು. ಒಂದೊಂದು ಮಾತೂ ನಿಜವೇ. ಭರತೇಶ ಕಾಗದಗಳನ್ನು ಮಡಿಸಿ ಕಡತದಲ್ಲಿ ಇಟ್ಟ. ಅವನಿಗೆ ಒತ್ತಾಯ ಮಾಡುವ ಮುಖವೆಲ್ಲಿತ್ತು.

ಹೋಗುವಾಗ ಬಿಶುನ್‌ದೇವ್ ತಂಗಿಯ ತಲೆ ಸವರಿ, ಛಠ್ ಹಬ್ಬ ಆದ ಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದ. ಛಠ್ ಅವರ ಕಡೆಯ ದೊಡ್ಡ ಹಬ್ಬ, ದೀಪಾವಳಿ ಕಳೆದ ಆರನೆಯ ದಿನ ನದಿಯಲ್ಲಿ ನಿಂತು ಸೂರ್ಯನಿಗೆ ಅರ್ಘ್ಯ ಕೊಡುತ್ತಾರೆ. ಅವಳಿಗೆ ಬೇರೆ ಯಾವ ಲೆಕ್ಕ ಮರೆತರೂ ಆ ಹಬ್ಬ ಮರೆತಿರಲಿಲ್ಲ.

ಆ ಛಠ್ ಬಂತು, ಹೋಯಿತು. ಮುಂದಿನ ವರ್ಷದ್ದೂ ಹೋಯಿತು. ಮೊದಮೊದಲು ಬಿಶುನ್‌ದೇವ್ ಫೋನು ಎತ್ತಿ, ಮೆಕ್ಕೆಜೋಳ ಬಿತ್ತಿದ ಮೇಲೆ, ಮಗಳ ನಿಶ್ಚಯ ಆದ ಮೇಲೆ ಎಂದು ಹೇಳುತ್ತಿದ್ದ. ಈಗ ಗಂಟೆ ಹೊಡೆಯುತ್ತದೆ, ಎತ್ತುವುದಿಲ್ಲ.

ಭರತೇಶನ ಪ್ರೋಗ್ರಾಮನ್ನು ತೆಗೆದುಹಾಕಿದರು. ಹೊಸದು ಚೆನ್ನಾಗಿ ನಡೆಯುತ್ತಿದೆ. ಆರೂ ಮನೆಯ ದಾಖಲೆ ತಾನಾಗಿಯೇ ಕೂಡಿಕೊಳ್ಳುತ್ತದೆ, ಯಾರೂ ಪೆನ್‌ಡ್ರೈವ್ ಹಿಡಿದು ಸುತ್ತಬೇಕಾಗಿಲ್ಲ. ಮಾನಸ ಬೆಂಗಳೂರಿಗೆ ವರ್ಗವಾಗಿ ಹೋದಳು; ಹೋಗುವ ಮುಂಚೆ ಅವನ ಮನೆಗೆ ಬಂದು, ಯಾರಿಗಾದ್ರೂ ಆಗ್ಬಹುದಿತ್ತು ಅಂಕಲ್ ಎಂದು ಹೇಳಿದಳು. ಅವನು ತಲೆಯಾಡಿಸಿದ. ಶೆಟ್ಟರ ಉಗ್ರಾಣದಲ್ಲಿ ಈಗಲೂ ಪಾತ್ರೆ ಎಣಿಸುತ್ತಾನೆ, ಆದರೆ ಒಂದು ಸಲ ಎಣಿಸಿದ್ದನ್ನು ನಾಲ್ಕು ಸಲ ಎಣಿಸುತ್ತಾನೆ. ಮನೆಯ ಕಂಪ್ಯೂಟರನ್ನು ಮುಟ್ಟುವುದಿಲ್ಲ. ರತ್ನಾವತಿ ಈಗ ಚುಚ್ಚುವುದನ್ನು ಬಿಟ್ಟಿದ್ದಾಳೆ.

ಬುಧವಾರ ಮಾತ್ರ ಬಾರಾನಗರಕ್ಕೆ ಹೋಗುತ್ತಾನೆ. ಸುಗನಿ ಮೊದಲು ಯಾರನ್ನೂ ಕಾಯುತ್ತಿರಲಿಲ್ಲ ಎಂದು ಮೇಲ್ವಿಚಾರಕಿ ಹೇಳುತ್ತಾಳೆ. ಉಂಡು, ಕೆಲಸ ಮಾಡಿ, ಮಲಗಿ ಏಳುತ್ತಿದ್ದಳು, ಇದ್ದದ್ದರಲ್ಲಿ ನೆಮ್ಮದಿಯಾಗಿದ್ದಳು. ಈಗ ಬೆಳಗಾದರೆ ಬಟ್ಟೆಯ ಗಂಟು ಕಟ್ಟಿಕೊಂಡು ಗೇಟಿನ ಹತ್ತಿರ ಹೋಗಿ ಕೂರುತ್ತಾಳೆ. ಊಟಕ್ಕೆ ಕೈ ಹಿಡಿದು ಎಳೆದು ತರಬೇಕು. ಅವಳಿಗೆ ನಿಜ ಹೇಳಿಬಿಡು ಎಂದು ನಾನು ಒಂದೆರಡು ಸಲ ಭರತೇಶನಿಗೆ ಹೇಳಿದೆ. ಯಾವುದು ನಿಜ ಎಂದು ಅವನು ಕೇಳಿದ. ಬಿಶುನ್‌ದೇವ್ ಬರುವುದಿಲ್ಲ ಎಂದು ನನಗೆ ಗೊತ್ತುಂಟೇ ಎಂದ.

ಕಳೆದ ಬುಧವಾರ ನಾನೂ ಜೊತೆಗೆ ಹೋಗಿದ್ದೆ. ಗೇಟಿನ ಒಳಗೆ ಕಾಲಿಡುವ ಮೊದಲೇ ಸುಗನಿ ಛಠ್‌ಗೆ ಎಷ್ಟು ದಿನ ಎಂದು ಕೇಳಿದಳು. ಭರತೇಶ ಜೇಬಿನಿಂದ ಸಣ್ಣ ಪಂಚಾಂಗ ತೆಗೆದು, ಬೆರಳು ಮಡಿಸಿ ಮಡಿಸಿ ಎಣಿಸಿ, ನೂರ ನಲವತ್ತೆರಡು ಎಂದ. ಅವಳು ಆಯಿತು ಎಂದು ತಲೆಯಾಡಿಸಿ, ಗಂಟನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, ರಸ್ತೆಯ ಕಡೆಗೆ ತಿರುಗಿದಳು.